ಓದುಗರ ಪ್ರಶ್ನೆ, ನಮ್ಮ ಉತ್ತರ: ಜಾನ್ಸನ್ ಕಾಲದ ಕಾಯ್ದೆಗಳು ಈಗ ಎಲ್ಲಿ ನಿಂತಿವೆ?

ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ 1964ರಿಂದ 1968ರವರೆಗೆ ತಂದ ಸಾಮಾಜಿಕ ಸುಧಾರಣೆಗಳಿಗೆ ಒಟ್ಟಾಗಿ ‘ಗ್ರೇಟ್ ಸೊಸೈಟಿ’ ಎಂದು ಹೆಸರು. 1964ರ ಮೇ 22ರಂದು ಮಿಷಿಗನ್ ವಿಶ್ವವಿದ್ಯಾಲಯದ ಘಟಿಕೋತ್ಸವ ಭಾಷಣದಲ್ಲಿ ಅವರು ಈ ಹೆಸರನ್ನು ದೇಶದ ಮುಂದಿಟ್ಟರು. ಹಿರಿಯರ ಆರೋಗ್ಯ ವಿಮೆ, ಮತದಾನದ ಹಕ್ಕು, ಶಾಲಾ ಅನುದಾನ, ಆಹಾರದ ಕೂಪನ್, ವಲಸೆ ಕಾನೂನು ಎಲ್ಲವೂ ಈ ಅವಧಿಯವು. ಈ ವಿಷಯದ ಮೇಲೆ ಬಂದ ಪತ್ರಗಳಲ್ಲಿ ಪರೀಕ್ಷೆಗೆ ಓದುತ್ತಿರುವವರ ಪ್ರಶ್ನೆಗಳಿವೆ, ಮಗನ ಮನೆಗೆ ಹೊರಟಿರುವ ತಂದೆ-ತಾಯಂದಿರ ಪ್ರಶ್ನೆಗಳೂ ಇವೆ. ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ.

ರೂಸ್‌ವೆಲ್ಟರ ನ್ಯೂ ಡೀಲ್‌ಗೂ ಜಾನ್ಸನ್ನರ ಗ್ರೇಟ್ ಸೊಸೈಟಿಗೂ ಏನು ವ್ಯತ್ಯಾಸ? ನಮ್ಮ ನೋಟ್ಸ್‌ನಲ್ಲಿ ಎರಡನ್ನೂ ‘ಕಲ್ಯಾಣ ಯೋಜನೆಗಳು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ.
— ಇತಿಹಾಸ ಎಂ.ಎ. ವಿದ್ಯಾರ್ಥಿನಿ, ಧಾರವಾಡ

ಕಾಲ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. 1933ರಲ್ಲಿ ಅಮೆರಿಕದ ದುಡಿಯುವವರಲ್ಲಿ ಸರಿಸುಮಾರು ನಾಲ್ವರಿಗೊಬ್ಬರಿಗೆ ಕೆಲಸವಿರಲಿಲ್ಲ. ಮುಳುಗುತ್ತಿದ್ದ ದೇಶವನ್ನು ದಡ ಸೇರಿಸುವುದು ಅಧ್ಯಕ್ಷ ರೂಸ್‌ವೆಲ್ಟ್ 1930ರ ದಶಕದಲ್ಲಿ ತಂದ ನ್ಯೂ ಡೀಲ್‌ನ ಕೆಲಸವಾಗಿತ್ತು. 1964ರಲ್ಲಿ ನಿರುದ್ಯೋಗ ಶೇ 5ರ ಆಸುಪಾಸಿನಲ್ಲಿತ್ತು, ಕಾರ್ಖಾನೆಗಳು ಭರ್ತಿ ನಡೆಯುತ್ತಿದ್ದವು. ಇಷ್ಟು ಸಿರಿವಂತಿಕೆ ಇರುವಾಗಲೂ ಹಿಂದೆ ಉಳಿದವರು ಯಾರು, ಯಾಕೆ ಉಳಿದರು ಎಂಬುದು ಜಾನ್ಸನ್ ಸರ್ಕಾರ ಎತ್ತಿಕೊಂಡ ಪ್ರಶ್ನೆ.

ಇನ್ನರ್ಧ ಉತ್ತರ ನ್ಯೂ ಡೀಲ್ ಬಿಟ್ಟ ಬಿರುಕುಗಳಲ್ಲಿದೆ. 1935ರ ಸಾಮಾಜಿಕ ಭದ್ರತಾ ಕಾಯ್ದೆಯ ವೃದ್ಧಾಪ್ಯ ಪಿಂಚಣಿಯಿಂದ ಕೃಷಿ ಕಾರ್ಮಿಕರನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿದ್ದರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಲ್ಲಿ ಹೆಚ್ಚಿನವರು ದುಡಿಯುತ್ತಿದ್ದದ್ದು ಇವೆರಡೇ ಕೆಲಸಗಳಲ್ಲಿ. ನ್ಯೂ ಡೀಲ್ ಅವರ ಮನೆ ಬಾಗಿಲಿಗೆ ಬಂದದ್ದು ಕಡಿಮೆ. ಗ್ರೇಟ್ ಸೊಸೈಟಿಯಲ್ಲಿ ನಾಗರಿಕ ಹಕ್ಕು ಮತ್ತು ಕಲ್ಯಾಣ ಯೋಜನೆ ಒಂದಕ್ಕೊಂದು ಹೆಣೆದುಕೊಂಡು ಬಂದವು. ನಮ್ಮ ಪ್ರಕಾರ ಎರಡರ ನಡುವಿನ ದೊಡ್ಡ ವ್ಯತ್ಯಾಸ ಇದೇ.

ಉತ್ತರಪತ್ರಿಕೆಯಲ್ಲಿ ಪದೇ ಪದೇ ಆಗುವ ಎರಡು ತಪ್ಪುಗಳನ್ನು ಗಮನಿಸಿ. ಮಕ್ಕಳಿರುವ ಬಡ ಕುಟುಂಬಗಳಿಗೆ ಕೊಡುತ್ತಿದ್ದ ನಗದು ಸಹಾಯ (ಅಮೆರಿಕದಲ್ಲಿ ‘ವೆಲ್‌ಫೇರ್’ ಎಂದರೆ ಬಹುತೇಕ ಇದೇ) ಜಾನ್ಸನ್ ತಂದದ್ದಲ್ಲ, 1935ರದು. 1996ರಲ್ಲಿ ಕ್ಲಿಂಟನ್ ಸಹಿ ಹಾಕಿದ ಕಾನೂನು ಅದನ್ನು ರದ್ದು ಮಾಡಿ, ಕಾಲಮಿತಿಯ ನೆರವನ್ನು ತಂದಿತು. ಎರಡನೆಯದು, ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್ ಮತ್ತು ಬಡವರ ವಿಮೆಯಾದ ಮೆಡಿಕೇಡ್ ಸ್ವತಂತ್ರ ಕಾಯ್ದೆಗಳಲ್ಲ. 1935ರ ಕಾಯ್ದೆಗೇ 1965ರಲ್ಲಿ ಸೇರಿಸಿದ 18 ಮತ್ತು 19ನೇ ಅಧ್ಯಾಯಗಳು ಅವು.

ಒಂದೆರಡು ವರ್ಷದಲ್ಲಿ ಇಷ್ಟೊಂದು ಕಾಯ್ದೆ ಪಾಸಾದದ್ದು ಜಾನ್ಸನ್ನರ ಮನವೊಲಿಸುವ ಚಾತುರ್ಯದಿಂದಲೇ?
— ನಿವೃತ್ತ ಉಪನ್ಯಾಸಕರು, ಹಾಸನ

ಚಾತುರ್ಯ ಇತ್ತು, ಆದರೆ ಲೆಕ್ಕ ಅದಕ್ಕಿಂತ ದೊಡ್ಡದು. 1964ರ ನವೆಂಬರ್ ಚುನಾವಣೆಯಲ್ಲಿ ಜಾನ್ಸನ್ ಶೇ 61ರಷ್ಟು ಮತ ಪಡೆದರು. ಅವರ ಡೆಮಾಕ್ರಟಿಕ್ ಪಕ್ಷಕ್ಕೆ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 295, ಮೇಲ್ಮನೆಯಾದ ಸೆನೆಟ್‌ನಲ್ಲಿ 68 ಸ್ಥಾನ ಬಂದವು. ಅದುವರೆಗೆ ದಕ್ಷಿಣದ ಹಿರಿಯ ಸದಸ್ಯರು ಸಮಿತಿಗಳ ಅಧ್ಯಕ್ಷರಾಗಿ ಕೂತು ಮಸೂದೆಗಳನ್ನು ಉಸಿರುಗಟ್ಟಿಸುತ್ತಿದ್ದರು. ಉತ್ತರದಿಂದ ಹೊಸದಾಗಿ ಗೆದ್ದು ಬಂದವರ ಸಂಖ್ಯೆ ಆ ಹಿಡಿತವನ್ನು ಸಡಿಲಿಸಿತು.

ಚುನಾವಣೆಗೆ ಮೊದಲೇ ಬಂದ, ಜನಾಂಗಭೇದ ನಿಷೇಧಿಸಿದ ನಾಗರಿಕ ಹಕ್ಕುಗಳ ಕಾಯ್ದೆಯ ಕಥೆ ಬೇರೆ. ಸೆನೆಟ್‌ನಲ್ಲಿ ದಕ್ಷಿಣದವರು ದಿನಗಟ್ಟಲೆ ಮಾತಾಡುತ್ತಲೇ ಮಸೂದೆಯನ್ನು ಮತಕ್ಕೆ ಬಾರದಂತೆ ತಡೆದಿದ್ದರು. 1964ರ ಜೂನ್ 10ರಂದು 71–29 ಮತಗಳಿಂದ ಆ ಚರ್ಚೆಯನ್ನು ಮುಕ್ತಾಯಗೊಳಿಸಲು ಸಾಧ್ಯವಾಯಿತು. ವಿರೋಧ ಪಕ್ಷವಾದ ರಿಪಬ್ಲಿಕನ್ನರ ನಾಯಕ ಎವರೆಟ್ ಡರ್ಕ್‌ಸನ್ ತಮ್ಮ ಕಡೆಯ 27 ಮತಗಳನ್ನು ತರದೆ ಹೋಗಿದ್ದರೆ ಅದು ಆಗುತ್ತಿರಲಿಲ್ಲ. ಜಾನ್ಸನ್ ಒಬ್ಬರಿಗೇ ಎಲ್ಲ ಕೀರ್ತಿ ಕೊಡುವವರು ಈ ಸಂಖ್ಯೆಯನ್ನು ಮರೆಯಬಾರದು. ಬೀದಿಯಲ್ಲಿ ಪೆಟ್ಟು ತಿಂದು ಈ ಪ್ರಶ್ನೆಯನ್ನು ಸೆನೆಟ್ ಬಾಗಿಲಿಗೆ ತಂದ ಚಳವಳಿಯನ್ನಂತೂ ಮರೆಯಲೇಬಾರದು.

ಅವಕಾಶದ ಕಿಟಕಿ ಬೇಗ ಮುಚ್ಚಿತು. 1966ರ ನವೆಂಬರ್‌ನಲ್ಲಿ ಪ್ರತಿನಿಧಿ ಸಭೆಯಲ್ಲಿ ಪಕ್ಷ 47 ಸ್ಥಾನ ಕಳೆದುಕೊಂಡಿತು. ಮುಖ್ಯ ಕಾಯ್ದೆಗಳಲ್ಲಿ ಬಹುಪಾಲು 1964–65ರವೇ ಆಗಿರುವುದು ಅದಕ್ಕೇ.

ಮೆಡಿಕೇರ್ ಬಂದ ಮೇಲೆ ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಣಭೇದ ಹೋಯಿತು ಎಂದು ಓದಿದೆ. ಒಂದು ವಿಮಾ ಯೋಜನೆ ಅದನ್ನು ಹೇಗೆ ಮಾಡಿತು?
— ಶುಶ್ರೂಷಾ ಅಧಿಕಾರಿ, ಮಂಗಳೂರು

ಗ್ರೇಟ್ ಸೊಸೈಟಿಯ ಇಡೀ ಚರಿತ್ರೆಯಲ್ಲಿ ಆಡಳಿತ ಇಷ್ಟು ಚುರುಕಾಗಿ ಕೆಲಸ ಮಾಡಿದ ಇನ್ನೊಂದು ಪ್ರಸಂಗ ನಮಗೆ ಕಾಣುವುದಿಲ್ಲ. ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ.

1946ರ ಆಸ್ಪತ್ರೆ ನಿರ್ಮಾಣ ಕಾಯ್ದೆ ‘ಪ್ರತ್ಯೇಕ, ಆದರೆ ಸಮಾನ’ ಎಂಬ ನೆಪದಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಆಸ್ಪತ್ರೆ ಕಟ್ಟಲು ಸರ್ಕಾರದ ಹಣವನ್ನೇ ಕೊಟ್ಟಿತ್ತು. ದಕ್ಷಿಣದಲ್ಲಿ ಕಪ್ಪು ರೋಗಿಗಳಿಗೆ ನೆಲಮಾಳಿಗೆಯ ವಾರ್ಡು, ಬೇರೆ ಪ್ರವೇಶದ್ವಾರ. ಎಷ್ಟೋ ಕಡೆ ಪ್ರವೇಶವೇ ಇಲ್ಲ. 1964ರ ನಾಗರಿಕ ಹಕ್ಕುಗಳ ಕಾಯ್ದೆಯ 6ನೇ ಅಧ್ಯಾಯ, ಕೇಂದ್ರದ ಹಣ ಪಡೆಯುವ ಯಾವ ಸಂಸ್ಥೆಯೂ ಜನಾಂಗದ ಆಧಾರದ ಮೇಲೆ ಭೇದ ಮಾಡುವಂತಿಲ್ಲ ಎಂದಿತು. ಒಂದು ವರ್ಷದ ಬಳಿಕ, 1965ರ ಜುಲೈ 30ರಂದು, ಮೆಡಿಕೇರ್‌ಗೆ ಸಹಿ ಬಿತ್ತು. ಯೋಜನೆ ಶುರುವಾಗಬೇಕಿದ್ದದ್ದು 1966ರ ಜುಲೈ 1ಕ್ಕೆ. 65 ದಾಟಿದ ಸುಮಾರು 1 ಕೋಟಿ 90 ಲಕ್ಷ ಜನರ ಆಸ್ಪತ್ರೆ ಬಿಲ್ಲನ್ನು ಸರ್ಕಾರ ಕಟ್ಟುವುದಿತ್ತು. ಆ ಹಣ ಬೇಡ ಎನ್ನಬಲ್ಲ ಆಸ್ಪತ್ರೆಗಳು ಬಹಳ ಕಡಿಮೆ.

1966ರ ಆರಂಭದಲ್ಲಿ ಆಸ್ಪತ್ರೆಗಳಿಗೆ ಪ್ರಶ್ನಾವಳಿ ಹೋಯಿತು. ಬರವಣಿಗೆಯ ಭರವಸೆಯನ್ನಷ್ಟೇ ನಂಬಿ ಕೂರಲಿಲ್ಲ. ಸಾರ್ವಜನಿಕ ಆರೋಗ್ಯ ಸೇವೆ ಮತ್ತು ಬೇರೆ ಇಲಾಖೆಗಳಿಂದ ಸಿಬ್ಬಂದಿಯನ್ನು ಎರವಲು ಪಡೆದು, ತರಾತುರಿಯಲ್ಲಿ ತರಬೇತಿ ಕೊಟ್ಟು ತಪಾಸಣೆಗೆ ಕಳಿಸಿದರು. ಒಂದೇ ಕೋಣೆಯಲ್ಲಿ ಎರಡೂ ಜನಾಂಗದ ರೋಗಿಗಳಿದ್ದಾರೆಯೇ, ಕಪ್ಪು ವೈದ್ಯರಿಗೆ ರೋಗಿಗಳನ್ನು ದಾಖಲಿಸುವ ಅಧಿಕಾರ ಇದೆಯೇ, ಕಾಯುವ ಕೋಣೆ, ಊಟದ ಕೋಣೆ, ಶೌಚಾಲಯ ಒಂದೇ ಇವೆಯೇ, ರಕ್ತನಿಧಿಯ ಬಾಟಲಿಗಳ ಮೇಲೆ ಜನಾಂಗದ ಗುರುತು ಇದೆಯೇ ಎಂದು ಅವರು ನೋಡುತ್ತಿದ್ದರು. ತಪಾಸಣೆಯ ದಿನ ಮಾತ್ರ ರೋಗಿಗಳನ್ನು ಬೆರೆಸಿ ಕೂರಿಸುವ ಆಸ್ಪತ್ರೆಗಳಿದ್ದವು. ಅದನ್ನು ಬಯಲಿಗೆಳೆದವರು ಅಲ್ಲಿಯೇ ಕಸ ಗುಡಿಸುವ, ಅಡುಗೆ ಮಾಡುವ, ಶುಶ್ರೂಷೆ ಮಾಡುವ ಕಪ್ಪು ನೌಕರರು ಮತ್ತು ಊರಿನ ಚಳವಳಿಗಾರರು. ನೌಕರಿ ಹೋಗುವ ಭಯದ ನಡುವೆಯೂ ಅವರು ತಪಾಸಣೆಗಾರರಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸುತ್ತಿದ್ದರು. ಜುಲೈ 1 ಬರುವಷ್ಟರಲ್ಲಿ ದೇಶದ ಬಹುಪಾಲು ಆಸ್ಪತ್ರೆಗಳು ಶರತ್ತಿಗೆ ಒಪ್ಪಿದ್ದವು. ನ್ಯಾಯಾಲಯಗಳಲ್ಲಿ ಹತ್ತಾರು ವರ್ಷ ಹಿಡಿಯಬಹುದಾಗಿದ್ದ ಕೆಲಸ ಕೆಲವೇ ತಿಂಗಳಲ್ಲಿ ಮುಗಿಯಿತು. ದಕ್ಷಿಣದ ಮಿಸಿಸಿಪ್ಪಿ ರಾಜ್ಯದಲ್ಲಿ ಇದಾದ ಮೇಲೆ ಅತಿಸಾರ, ನ್ಯುಮೋನಿಯಾಗಳಿಂದ ಸಾಯುತ್ತಿದ್ದ ಕಪ್ಪು ಶಿಶುಗಳ ಸಂಖ್ಯೆ ಗಣನೀಯವಾಗಿ ಇಳಿದದ್ದನ್ನು ಅರ್ಥಶಾಸ್ತ್ರಜ್ಞರು ದಾಖಲಿಸಿದ್ದಾರೆ.

ಎಡವಿದ್ದು ಎಲ್ಲಿ? ಆಸ್ಪತ್ರೆಗೆ ಹಾಕಿದ ಶರತ್ತನ್ನು ಖಾಸಗಿ ವೈದ್ಯರಿಗೆ ಹಾಕಲಿಲ್ಲ. ಮೆಡಿಕೇರ್‌ನ ‘ಬಿ’ ಭಾಗದಿಂದ ವೈದ್ಯರಿಗೆ ಹೋಗುವ ಹಣ ರೋಗಿಯ ವಿಮೆಯ ಹಣ, ವೈದ್ಯರಿಗೆ ಕೊಟ್ಟ ಸರ್ಕಾರಿ ನೆರವಲ್ಲ ಎಂಬ ವ್ಯಾಖ್ಯಾನ ಮಾಡಿದರು. ಕ್ಲಿನಿಕ್‌ಗಳಲ್ಲಿ ಬೇರೆ ಬೇರೆ ಕಾಯುವ ಕೋಣೆಗಳು ಹಾಗೆಯೇ ಉಳಿದವು. ವೃದ್ಧರ ಆರೈಕೆ ಮನೆಗಳ ಮೇಲೂ ಇಷ್ಟು ಬಿಗಿ ಇರಲಿಲ್ಲ.

ವೆಚ್ಚದ ತಪ್ಪು ಇನ್ನೊಂದು. ವೈದ್ಯರ ಸಂಘ ಯೋಜನೆಯನ್ನು ಬಲವಾಗಿ ವಿರೋಧಿಸಿತ್ತು. ಅವರನ್ನು ಸಮಾಧಾನಪಡಿಸಲು ಆಸ್ಪತ್ರೆಗೆ ಆದ ಖರ್ಚನ್ನು, ವೈದ್ಯರಿಗೆ ‘ರೂಢಿಯ ಶುಲ್ಕ’ವನ್ನು ಕೊಡುವ ನಿಯಮ ಮಾಡಿದರು. ಹೆಚ್ಚು ಖರ್ಚು ತೋರಿಸಿದವರಿಗೆ ಹೆಚ್ಚು ಹಣ. ಬಿಲ್ಲು ಏರುತ್ತಲೇ ಹೋಯಿತು. 1983ರಲ್ಲಿ ಕಾಯಿಲೆಯ ಗುಂಪಿಗೆ ಇಷ್ಟು ಎಂದು ಮೊದಲೇ ದರ ನಿಗದಿ ಮಾಡುವ ಪದ್ಧತಿ ಬರುವವರೆಗೆ ಆಸ್ಪತ್ರೆ ಖರ್ಚಿಗೆ ಲಗಾಮು ಇರಲಿಲ್ಲ.

ಮಗ ನ್ಯೂಜೆರ್ಸಿಯಲ್ಲಿ 14 ವರ್ಷದಿಂದ ಮೆಡಿಕೇರ್ ತೆರಿಗೆ ಕಟ್ಟುತ್ತಿದ್ದಾನೆ. ನಮ್ಮಿಬ್ಬರಿಗೂ 66 ದಾಟಿದೆ, ಗ್ರೀನ್ ಕಾರ್ಡ್ ಬಂದಿದೆ. ಹೋದ ತಕ್ಷಣ ಮೆಡಿಕೇರ್ ಸಿಗುತ್ತದೆಯೇ?
— ದಂಪತಿ, ಶಿವಮೊಗ್ಗ

ಸಿಗುವುದಿಲ್ಲ. ಮಗ ಎಷ್ಟು ವರ್ಷ ಕಟ್ಟಿದ್ದರೂ ಅದು ತಂದೆ-ತಾಯಿಯ ಲೆಕ್ಕಕ್ಕೆ ಬರುವುದಿಲ್ಲ. ತಮ್ಮ ಸ್ವಂತ ದುಡಿಮೆ ಅಥವಾ ಗಂಡ-ಹೆಂಡತಿಯ ದುಡಿಮೆ ಮಾತ್ರ ಲೆಕ್ಕ.

ಮೆಡಿಕೇರ್‌ನ ‘ಎ’ ಭಾಗ ಆಸ್ಪತ್ರೆ ವಿಮೆ, ‘ಬಿ’ ಭಾಗ ವೈದ್ಯರ ಶುಲ್ಕ ಮತ್ತು ಹೊರರೋಗಿ ಚಿಕಿತ್ಸೆ. ‘ಎ’ ಭಾಗ ಕಂತಿಲ್ಲದೆ ಸಿಗಲು 40 ತ್ರೈಮಾಸಿಕಗಳ ದುಡಿಮೆ, ಅಂದರೆ ಸುಮಾರು 10 ವರ್ಷ ಬೇಕು. ಅದಿಲ್ಲದವರು 65 ದಾಟಿ, ಗ್ರೀನ್ ಕಾರ್ಡ್ ಹೊಂದಿ, ಅರ್ಜಿಯ ಹಿಂದಿನ 5 ವರ್ಷ ಸತತವಾಗಿ ಅಮೆರಿಕದಲ್ಲಿ ನೆಲೆಸಿದ್ದರೆ ಹಣ ಕೊಟ್ಟು ಸೇರಬಹುದು. 2025ರ ದರ ಹೇಳುವುದಾದರೆ ‘ಎ’ ಭಾಗಕ್ಕೆ ತಿಂಗಳಿಗೆ ತಲಾ 518 ಡಾಲರ್, ‘ಬಿ’ ಭಾಗಕ್ಕೆ 185 ಡಾಲರ್. 1966ರಲ್ಲಿ ‘ಬಿ’ ಭಾಗದ ಕಂತು 3 ಡಾಲರ್ ಇತ್ತು. ದರ ಪ್ರತಿ ವರ್ಷ ಬದಲಾಗುವುದರಿಂದ ಸೇರುವ ವರ್ಷದ ದರವನ್ನು ಸಾಮಾಜಿಕ ಭದ್ರತಾ ಕಚೇರಿಯಲ್ಲಿ ಕೇಳಿ.

5 ವರ್ಷ ತುಂಬುವ ತಿಂಗಳು, ಅದರ ಹಿಂದಿನ 3 ತಿಂಗಳು, ಮುಂದಿನ 3 ತಿಂಗಳು, ಹೀಗೆ ಒಟ್ಟು 7 ತಿಂಗಳು ಹೆಸರು ನೋಂದಾಯಿಸಲು ಅವಕಾಶ. ಅದನ್ನು ಬಿಟ್ಟರೆ ಜನವರಿಯಿಂದ ಮಾರ್ಚ್‌ವರೆಗಿನ ಸಾಮಾನ್ಯ ನೋಂದಣಿಗೆ ಕಾಯಬೇಕು. ತಡವಾದ ಪ್ರತಿ ಪೂರ್ಣ 12 ತಿಂಗಳಿಗೆ ‘ಬಿ’ ಭಾಗದ ಕಂತು ಶೇ 10ರಷ್ಟು ಏರುತ್ತದೆ, ಆ ಏರಿಕೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಬೇಸಿಗೆ ಅಲ್ಲಿ, ಉಳಿದದ್ದು ಊರಿನಲ್ಲಿ ಎಂದು ವರ್ಷದ ಹೆಚ್ಚು ಭಾಗ ಶಿವಮೊಗ್ಗದಲ್ಲೇ ಕಳೆದರೆ ‘ಸತತ ನೆಲೆಸುವಿಕೆ’ಯ ಲೆಕ್ಕ ಮುರಿದು ಬೀಳುವ ಅಪಾಯವಿದೆ. ಗ್ರೀನ್ ಕಾರ್ಡಿಗೂ ಅದು ಒಳ್ಳೆಯದಲ್ಲ.

ಬಡವರ ವಿಮೆಯಾದ ಮೆಡಿಕೇಡ್ ಕೂಡ ಹೊಸ ಗ್ರೀನ್ ಕಾರ್ಡ್‌ದಾರರಿಗೆ ಸಾಮಾನ್ಯವಾಗಿ ಮೊದಲ 5 ವರ್ಷ ಇಲ್ಲ. ಇದು 1965ರ ಕಾನೂನಿನ ನಿಯಮವಲ್ಲ, 1996ರಲ್ಲಿ ಸೇರಿಸಿದ ತಡೆ. ಕೆಲವು ರಾಜ್ಯಗಳು ತಮ್ಮ ಹಣದಲ್ಲಿ ವಿನಾಯಿತಿ ಕೊಡುತ್ತವೆ, ಆಯಾ ರಾಜ್ಯದ ನಿಯಮ ನೋಡಿ. ಆ 5 ವರ್ಷಗಳಿಗೆ ಖಾಸಗಿ ವಿಮೆಯ ಏರ್ಪಾಡನ್ನು ವಿಮಾನ ಹತ್ತುವ ಮೊದಲೇ ಮಾಡಿಕೊಳ್ಳಿ. ಮುಂದೆ ಮೆಡಿಕೇರ್ ಬಂದರೂ ಬೆಂಗಳೂರಿನಲ್ಲಿ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಗೆ ಅದು ಹಣ ಕೊಡುವುದಿಲ್ಲ. ಆದ್ದರಿಂದ ಇಲ್ಲಿನ ಆರೋಗ್ಯ ವಿಮೆಯನ್ನು ಕೈಬಿಡಬೇಡಿ ಎಂಬುದು ನಮ್ಮ ಸಲಹೆ.

ಅಮೆರಿಕದ ಬಡತನ ರೇಖೆಯನ್ನು ಯಾವ ಲೆಕ್ಕದಲ್ಲಿ ಎಳೆದರು?
— ಅರ್ಥಶಾಸ್ತ್ರ ವಿದ್ಯಾರ್ಥಿ, ಮೈಸೂರು

ಸಾಮಾಜಿಕ ಭದ್ರತಾ ಇಲಾಖೆಯಲ್ಲಿದ್ದ ಮಾಲಿ ಒರ್ಶಾನ್‌ಸ್ಕಿ ಎಂಬ ಸಂಖ್ಯಾತಜ್ಞೆ 1963–64ರಲ್ಲಿ ಹಾಕಿದ ಲೆಕ್ಕ ಅದು. ಕೃಷಿ ಇಲಾಖೆ ಕೈಬಿಗಿ ಇರುವಾಗ ತಾತ್ಕಾಲಿಕವಾಗಿ ಹೊಟ್ಟೆ ಹೊರೆಯಲು ಎಂದು ಒಂದು ಅಗ್ಗದ ಆಹಾರ ಪಟ್ಟಿ ಮಾಡಿತ್ತು. 1955ರ ಸಮೀಕ್ಷೆಯ ಪ್ರಕಾರ ಮೂರು ಅಥವಾ ಹೆಚ್ಚು ಜನರ ಕುಟುಂಬ ತೆರಿಗೆ ಕಳೆದ ಆದಾಯದಲ್ಲಿ ಮೂರನೇ ಒಂದು ಭಾಗವನ್ನು ಊಟಕ್ಕೆ ಖರ್ಚು ಮಾಡುತ್ತಿತ್ತು. ಹಾಗಾಗಿ ಆ ಪಟ್ಟಿಯ ವೆಚ್ಚವನ್ನು ಮೂರರಿಂದ ಗುಣಿಸಿದರು. ನಾಲ್ವರ ಕುಟುಂಬಕ್ಕೆ ವರ್ಷಕ್ಕೆ ಸುಮಾರು 3,100 ಡಾಲರ್ ಬಂತು. ಈ ಅಳತೆಯಲ್ಲಿ 1959ರಲ್ಲಿ ಶೇ 22.4ರಷ್ಟಿದ್ದ ಬಡತನ 1969ರಲ್ಲಿ ಶೇ 12.1ಕ್ಕೆ ಇಳಿಯಿತು.

ಅಂದಿನಿಂದ ಇಂದಿಗೂ ಅದೇ ರೇಖೆಯನ್ನು ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ಏರಿಸುತ್ತಾ ಬಂದಿದ್ದಾರೆ. ಈಗ ಊಟಕ್ಕೆ ಹೋಗುವ ಪಾಲು ಬಹಳ ಕಡಿಮೆಯಾಗಿದೆ. ಬಾಡಿಗೆ, ಚಿಕಿತ್ಸೆ, ಮಕ್ಕಳ ಪಾಲನೆಗೆ ಹೋಗುವುದು ಹೆಚ್ಚು. ಮೂರರಿಂದ ಗುಣಿಸುವ ತರ್ಕ ಎಂದೋ ಸವೆದಿದೆ. ಇದಕ್ಕಿಂತ ದೊಡ್ಡ ದೋಷ ಆದಾಯವನ್ನು ಎಣಿಸುವ ರೀತಿಯಲ್ಲಿದೆ. ತೆರಿಗೆಗೆ ಮೊದಲಿನ ನಗದು ಮಾತ್ರ ಲೆಕ್ಕಕ್ಕೆ. ಫುಡ್ ಸ್ಟ್ಯಾಂಪ್ (ಆಹಾರದ ಕೂಪನ್), ಮೆಡಿಕೇಡ್, ಮನೆ ಬಾಡಿಗೆಯ ನೆರವು, ತೆರಿಗೆ ಮರುಪಾವತಿ ಯಾವುದೂ ಸೇರುವುದಿಲ್ಲ. ಬಡತನ ತಗ್ಗಿಸಲೆಂದೇ ಮಾಡಿದ ಯೋಜನೆಗಳು ಬಡತನದ ಅಳತೆಗೇ ಕಾಣುವುದಿಲ್ಲ.

‘ನಾವು ಬಡತನದ ಮೇಲೆ ಯುದ್ಧ ಸಾರಿದೆವು, ಬಡತನ ಗೆದ್ದಿತು’ ಎಂದು ಅಧ್ಯಕ್ಷ ರೇಗನ್ ಹೇಳಿದ್ದರಂತೆ. ಅದು ಸರಿಯೇ?
— ವ್ಯಾಪಾರಿ, ಹುಬ್ಬಳ್ಳಿ

1988ರ ಜನವರಿಯಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮುಂದೆ ಮಾಡಿದ ವಾರ್ಷಿಕ ಭಾಷಣದಲ್ಲಿ ಆ ಅರ್ಥದ ಮಾತು ಹೇಳಿದ್ದು ಹೌದು. ಮಾತು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಮೇಲಿನ ಉತ್ತರದಲ್ಲಿ ಹೇಳಿದ ಹಳೆಯ ಅಳತೆಯನ್ನೇ ಹಿಡಿದರೆ 1970ರ ದಶಕದ ನಂತರ ಸಂಖ್ಯೆ ಹೆಚ್ಚು ಕದಲಿಲ್ಲ, ಅದನ್ನು ತೋರಿಸಿ ‘ಸೋಲು’ ಎನ್ನುವುದು ಸುಲಭ. ಫುಡ್ ಸ್ಟ್ಯಾಂಪ್, ತೆರಿಗೆ ನೆರವು ಎಲ್ಲವನ್ನೂ ಸೇರಿಸಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮಾಡಿದ ಲೆಕ್ಕದಲ್ಲಿ 1967ರಲ್ಲಿ ಶೇ 26ರಷ್ಟಿದ್ದ ಬಡತನ 2012ರಲ್ಲಿ ಶೇ 16ಕ್ಕೆ ಬಂದಿತ್ತು. ಈ ಇಳಿಕೆಯಲ್ಲಿ ಬಹುಪಾಲು ಸರ್ಕಾರದ ನೆರವಿನಿಂದಲೇ ಆದದ್ದು. ಸಂಬಳದಿಂದ ಆದದ್ದು ಬಹಳ ಕಡಿಮೆ ಎಂಬುದೂ ಅಷ್ಟೇ ನಿಜ. ಜಾನ್ಸನ್ನರ ತಂಡ ನಂಬಿದ್ದು ತರಬೇತಿ, ಶಿಕ್ಷಣಗಳನ್ನು. ‘ಕೈಗೆ ಹಣ ಕೊಡುವುದಿಲ್ಲ, ಕೈ ಹಿಡಿದು ಎತ್ತುತ್ತೇವೆ’ ಎಂಬ ಧಾಟಿ ಅವರದು. ಕೊನೆಗೆ ಹೆಚ್ಚು ಜನರನ್ನು ರೇಖೆಯ ಮೇಲೆ ತಂದದ್ದು ಪಿಂಚಣಿ, ಆಹಾರದ ಕೂಪನ್, ತೆರಿಗೆ ನೆರವುಗಳಂಥ ನೇರ ಸಹಾಯ.

ಫುಡ್ ಸ್ಟ್ಯಾಂಪ್ ನಮ್ಮ ಪಡಿತರ ಚೀಟಿಯಂತೆಯೇ? ಅದಕ್ಕೆ ಸಹಿ ಹಾಕಿದ ಜಾನ್ಸನ್ನರೇ ಬರಗಾಲದಲ್ಲಿ ಭಾರತಕ್ಕೆ ಗೋಧಿ ಕೊಡಲು ಸತಾಯಿಸಿದರು ಎಂದು ಹಿರಿಯರು ಹೇಳುತ್ತಾರೆ.
— ರೈತ, ರಾಯಚೂರು ಜಿಲ್ಲೆ

ಪಡಿತರದಲ್ಲಿ ನಿಗದಿತ ಧಾನ್ಯ ನಿಗದಿತ ಅಂಗಡಿಯಲ್ಲಿ ಸಿಗುತ್ತದೆ. ಫುಡ್ ಸ್ಟ್ಯಾಂಪ್ ಹಿಡಿದು ನೋಂದಾಯಿತ ದಿನಸಿ ಅಂಗಡಿ ಯಾವುದಕ್ಕಾದರೂ ಹೋಗಿ ಸಾಮಾನ್ಯವಾಗಿ ಬೇಕಾದ ಆಹಾರ ಕೊಳ್ಳಬಹುದು. ಮದ್ಯ, ತಂಬಾಕು ಇಲ್ಲ.

1964ರ ಆಗಸ್ಟ್ 31ರ ಕಾಯ್ದೆಯಲ್ಲಿ ಒಂದು ದೊಡ್ಡ ತೊಡಕಿತ್ತು: ಕೂಪನ್ ಪುಕ್ಕಟೆಯಲ್ಲ. ಕುಟುಂಬ ಊಟಕ್ಕೆ ಸಾಮಾನ್ಯವಾಗಿ ಎಷ್ಟು ಖರ್ಚು ಮಾಡುತ್ತದೋ ಅಷ್ಟು ನಗದು ತಿಂಗಳ ಆರಂಭದಲ್ಲೇ ಕಟ್ಟಬೇಕು, ಆಗ ಅದಕ್ಕಿಂತ ಹೆಚ್ಚು ಬೆಲೆಯ ಕೂಪನ್ ಕೊಡುತ್ತಾರೆ. ಉದಾಹರಣೆಗೆ 40 ಡಾಲರ್ ಕಟ್ಟಿದರೆ 70 ಡಾಲರಿನ ಕೂಪನ್. ಆ 40 ಡಾಲರ್ ಒಟ್ಟಿಗೆ ಇಲ್ಲದವರು ಏನು ಮಾಡಬೇಕು? ಮಿಸಿಸಿಪ್ಪಿ ಡೆಲ್ಟಾದಲ್ಲಿ ಯಂತ್ರ ಮತ್ತು ಕಳೆನಾಶಕ ಬಂದು ಹತ್ತಿ ಕೂಲಿಗಳ ಕೆಲಸ ಹೋಗಿತ್ತು. ಅಲ್ಲಿನ ಕೌಂಟಿಗಳು (ಜಿಲ್ಲೆಯಂಥ ಆಡಳಿತ ಘಟಕಗಳು) ಉಚಿತ ಧಾನ್ಯ ಹಂಚಿಕೆ ನಿಲ್ಲಿಸಿ ಫುಡ್ ಸ್ಟ್ಯಾಂಪ್‌ಗೆ ಬದಲಾದಾಗ, ಬಿಡಿಗಾಸೂ ಇಲ್ಲದ ಕುಟುಂಬಗಳಿಗೆ ಮೊದಲು ಸಿಗುತ್ತಿದ್ದ ಹಿಟ್ಟು, ಬೀನ್ಸ್ ಕೂಡ ತಪ್ಪಿತು. 1967ರ ಏಪ್ರಿಲ್‌ನಲ್ಲಿ ಸೆನೆಟರ್ ರಾಬರ್ಟ್ ಕೆನಡಿ ಅಲ್ಲಿನ ಗುಡಿಸಲುಗಳಲ್ಲಿ ಹಸಿದ ಮಕ್ಕಳನ್ನು ಕಣ್ಣಾರೆ ಕಂಡ ಮೇಲೆ ವಿಷಯ ದೇಶದ ಮುಂದೆ ಬಂತು. ಮುಂಗಡ ಕಟ್ಟುವ ನಿಯಮವನ್ನು 1977ರ ಕಾಯ್ದೆ ತೆಗೆದುಹಾಕಿತು. ಹದಿಮೂರು ವರ್ಷ ಬಡವರಲ್ಲಿ ಕಡುಬಡವರನ್ನೇ ಹೊರಗಿಟ್ಟ ನಿಯಮ ಅದು, ಇದನ್ನು ನಾವು ಸಣ್ಣ ಲೋಪ ಎನ್ನಲಾರೆವು.

ಯೋಜನೆ ಒಂದೊಂದೇ ಕೌಂಟಿಗೆ ಬಂದದ್ದರಿಂದ, ಎಳವೆಯಲ್ಲಿ ಅದು ಸಿಕ್ಕ ಮಕ್ಕಳನ್ನೂ ಸಿಗದವರನ್ನೂ ದೊಡ್ಡವರಾದ ಮೇಲೆ ಹೋಲಿಸಲು ಸಾಧ್ಯವಾಯಿತು. ಹಿಲರಿ ಹೊಯ್ನ್ಸ್, ಡಯಾನ್ ಶಾನ್ಜೆನ್‌ಬಾಕ್, ಡಗ್ಲಾಸ್ ಆಲ್ಮಂಡ್ ನಡೆಸಿದ ಅಧ್ಯಯನದಲ್ಲಿ, ಸಿಕ್ಕವರಲ್ಲಿ ಬೊಜ್ಜು, ರಕ್ತದೊತ್ತಡ, ಮಧುಮೇಹಗಳ ಸಮೂಹ ಕಡಿಮೆ ಇತ್ತು. ಹೆಣ್ಣುಮಕ್ಕಳು ಆರ್ಥಿಕವಾಗಿ ಹೆಚ್ಚು ಸ್ವಾವಲಂಬಿಗಳಾಗಿದ್ದರು.

ಇನ್ನು ಗೋಧಿ. ಹಿರಿಯರು ಹೇಳುವುದು ನಿಜ. ಪಿ.ಎಲ್. 480 ಎಂಬ ಅಮೆರಿಕದ ಆಹಾರ ನೆರವಿನ ಕಾನೂನಿನಡಿ ಭಾರತಕ್ಕೆ ಗೋಧಿ ಬರುತ್ತಿತ್ತು. 1965ರ ಮಧ್ಯದಲ್ಲಿ ಹಳೆಯ ಒಪ್ಪಂದ ಮುಗಿದಾಗ ಜಾನ್ಸನ್ ದೀರ್ಘಾವಧಿ ಒಪ್ಪಂದ ಮಾಡದೆ, ಒಂದೆರಡು ತಿಂಗಳಿಗೆ ಸಾಲುವಷ್ಟನ್ನು ಮಾತ್ರ ಬಿಡುಗಡೆ ಮಾಡತೊಡಗಿದರು. ಒಂದೊಂದು ಕಂತಿಗೂ ಅವರದೇ ಒಪ್ಪಿಗೆ ಬೇಕಿತ್ತು. ಭಾರತ ಕೃಷಿಗೆ ಹೆಚ್ಚು ಹಣ ಹಾಕಲಿ, ರಸಗೊಬ್ಬರ ಮತ್ತು ಹೊಸ ತಳಿಗಳನ್ನು ಒಪ್ಪಿಕೊಳ್ಳಲಿ ಎಂಬುದು ಒಂದು ಕಾರಣ. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ ಸಿಟ್ಟು ಇನ್ನೊಂದು. ಕೃಷಿ ಮಂತ್ರಿ ಸಿ. ಸುಬ್ರಮಣ್ಯಂ 1965ರ ನವೆಂಬರ್‌ನಲ್ಲಿ ರೋಮ್‌ನಲ್ಲಿ ಅಮೆರಿಕದ ಕೃಷಿ ಕಾರ್ಯದರ್ಶಿ ಆರ್ವಿಲ್ ಫ್ರೀಮನ್ ಜತೆ ಕೂತು ಮಾಡಿಕೊಂಡ ತಿಳಿವಳಿಕೆಯ ಹಿನ್ನೆಲೆ ಇದೇ. ಬರದ ಆ ಎರಡು ವರ್ಷ ಅಮೆರಿಕದ ಗೋಧಿ ಬೆಳೆಯ ಸುಮಾರು ಐದನೇ ಒಂದು ಪಾಲು ಭಾರತಕ್ಕೆ ಬಂತು ಎನ್ನುವುದನ್ನೂ ಹೇಳಬೇಕು. ಕೃಷಿ ಸುಧಾರಣೆ ಬೇಕಿತ್ತು, ಸುಬ್ರಮಣ್ಯಂ ಅದನ್ನು ಮೊದಲೇ ಬಯಸಿದ್ದರು. ಆದರೆ ಹಸಿದ ದೇಶವನ್ನು ಮುಂದಿನ ಹಡಗು ಬರುವುದೋ ಇಲ್ಲವೋ ಎಂದು ಕಾಯಿಸುವುದು ಅನ್ಯಾಯ.

ನಮ್ಮ ಶಾಲೆಗಳಲ್ಲಿ ಕೇರ್ ಸಂಸ್ಥೆ ಕೊಡುತ್ತಿದ್ದ ಹಾಲಿನ ಪುಡಿ, ಉಪ್ಪಿಟ್ಟು ಕೂಡ ಇದೇ ಪಿ.ಎಲ್. 480ರ ಇನ್ನೊಂದು ಅಧ್ಯಾಯದಿಂದ ಬಂದದ್ದು. ಫುಡ್ ಸ್ಟ್ಯಾಂಪ್‌ಗೂ ಅಮೆರಿಕದ ರೈತರ ಹೆಚ್ಚುವರಿ ಬೆಳೆಗೂ ನಂಟಿದೆ: 1964ರ ಏಪ್ರಿಲ್‌ನಲ್ಲಿ ಹತ್ತಿ-ಗೋಧಿ ಮಸೂದೆಗೆ ನಗರದ ಸದಸ್ಯರು, ಫುಡ್ ಸ್ಟ್ಯಾಂಪ್ ಮಸೂದೆಗೆ ಹಳ್ಳಿಗಾಡಿನ ಸದಸ್ಯರು ಮತ ಹಾಕುವ ಕೊಡು-ಕೊಳ್ಳುವ ಒಪ್ಪಂದದಿಂದಲೇ ಎರಡೂ ಪಾಸಾದವು.

ಬಡವರೇ ಯೋಜನೆ ನಡೆಸುವ ‘ಸಮುದಾಯ ಕ್ರಿಯಾ’ ಕಾರ್ಯಕ್ರಮ ಯಾಕೆ ಕುಸಿಯಿತು?
— ಗ್ರಾಮ ಪಂಚಾಯಿತಿ ಸದಸ್ಯೆ, ತುಮಕೂರು ಜಿಲ್ಲೆ

1964ರ ಆರ್ಥಿಕ ಅವಕಾಶ ಕಾಯ್ದೆ, ಬಡವರು ‘ಸಾಧ್ಯವಾದಷ್ಟೂ ಗರಿಷ್ಠವಾಗಿ’ ಭಾಗವಹಿಸಬೇಕು ಎಂದಿತ್ತು. ವೆಚ್ಚದ ಶೇ 90ರಷ್ಟು ಹಣ ವಾಷಿಂಗ್ಟನ್‌ನಿಂದ ಸ್ಥಳೀಯ ಸಂಸ್ಥೆಗೆ ನೇರವಾಗಿ ಹೋಗುತ್ತಿತ್ತು, ಮೇಯರ್ ಕೈ ದಾಟದೆ. ಆ ಸಂಸ್ಥೆಗಳು ಬಾಡಿಗೆದಾರರನ್ನು ಸಂಘಟಿಸಿದವು, ನಗರಸಭೆಯ ವಿರುದ್ಧವೇ ದಾವೆ ಹೂಡಿದವು. ಮೇಯರ್‌ಗಳು, ಅದರಲ್ಲೂ ಜಾನ್ಸನ್ನರ ಸ್ವಂತ ಪಕ್ಷದವರು, ಕೆರಳಿದರು. 1967ರ ತಿದ್ದುಪಡಿ ಸ್ಥಳೀಯ ಸರ್ಕಾರಗಳಿಗೆ ಈ ಸಂಸ್ಥೆಗಳ ಮೇಲೆ ಹಿಡಿತ ಕೊಟ್ಟಿತು. ವಿಯೆಟ್ನಾಂ ವೆಚ್ಚ ಏರುತ್ತಿದ್ದಂತೆ ಹಣವೂ ಬತ್ತಿತು: 1968ರಲ್ಲಿ ಶೇ 10ರ ಹೆಚ್ಚುವರಿ ತೆರಿಗೆಗೆ ಒಪ್ಪಿಗೆ ಕೊಡಲು ಕಾಂಗ್ರೆಸ್ 600 ಕೋಟಿ ಡಾಲರ್ ವೆಚ್ಚ ಕಡಿತದ ಶರತ್ತು ಹಾಕಿತು. ಕಾರ್ಯಕ್ರಮ ನಡೆಸುತ್ತಿದ್ದ ವಾಷಿಂಗ್ಟನ್ನಿನ ಮಾತೃ ಕಚೇರಿ ಕುಗ್ಗುತ್ತಾ ಹೋಗಿ, 1981ರಲ್ಲಿ ಅದರ ಉತ್ತರಾಧಿಕಾರಿ ಸಂಸ್ಥೆಯೂ ರದ್ದಾಯಿತು.

ಮೆಡಿಕೇರ್‌ಗೆ ಸಂಬಳದಿಂದ ಕಡಿತವಾಗುವ ತನ್ನದೇ ತೆರಿಗೆ ಇತ್ತು, ‘ನಾನು ಕಟ್ಟಿದ್ದೇನೆ’ ಎನ್ನುವ ಕೋಟ್ಯಂತರ ಮತದಾರರಿದ್ದರು. ಸಮುದಾಯ ಕ್ರಿಯೆಗೆ ಇವೆರಡೂ ಇರಲಿಲ್ಲ. ಪ್ರತಿ ವರ್ಷ ಬಜೆಟ್‌ನಲ್ಲಿ ಕೈಯೊಡ್ಡಬೇಕಿತ್ತು. ಅಧಿಕಾರ ಹಂಚುವ ಯೋಜನೆಗೆ ಹಣದ ಸ್ವಂತ ಮೂಲ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಪಂಚಾಯಿತಿ ನಡೆಸುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಇದನ್ನು ಬರೀ ಸೋಲು ಎಂದು ಮುಚ್ಚಿಡಬೇಡಿ. ಮೂರರಿಂದ ಐದು ವರ್ಷದ ಬಡ ಮಕ್ಕಳ ಹೆಡ್ ಸ್ಟಾರ್ಟ್ ಪೂರ್ವಶಾಲೆ, ಬಡವರಿಗೆ ಉಚಿತ ವಕೀಲರು, ಸಮುದಾಯ ಆರೋಗ್ಯ ಕೇಂದ್ರಗಳು ಇದೇ ಬೇರಿನಿಂದ ಚಿಗುರಿದವು. ಮಿಸಿಸಿಪ್ಪಿಯ ಮೌಂಡ್ ಬಯೂ ಕೇಂದ್ರದಲ್ಲಿ ಡಾ. ಜ್ಯಾಕ್ ಗೈಗರ್ ಅಪೌಷ್ಟಿಕತೆಯ ಮಕ್ಕಳಿಗೆ ಔಷಧಿ ಚೀಟಿಯಲ್ಲಿ ಹಾಲು, ತರಕಾರಿ, ಮಾಂಸ ಎಂದು ಬರೆದುಕೊಟ್ಟರು. ಊರಿನ ದಿನಸಿ ಅಂಗಡಿಯವರು ಸಾಮಾನು ಕೊಟ್ಟು, ಬಿಲ್ಲನ್ನು ಕೇಂದ್ರದ ಔಷಧಾಲಯಕ್ಕೆ ಕಳಿಸುತ್ತಿದ್ದರು. ಔಷಧದ ಹಣ ಊಟಕ್ಕೆ ಯಾಕೆ ಎಂದು ಅಧಿಕಾರಿಗಳು ಆಕ್ಷೇಪಿಸಿದಾಗ, ಅಪೌಷ್ಟಿಕತೆಗೆ ವೈದ್ಯಗ್ರಂಥ ಹೇಳುವ ಔಷಧ ಊಟವೇ ಎಂದು ಗೈಗರ್ ಉತ್ತರಿಸಿದರು. ಆ ಆರೋಗ್ಯ ಕೇಂದ್ರದ ನೆರವಿನಿಂದಲೇ ಜನ ಐನೂರು ಎಕರೆಯಷ್ಟು ನೆಲದಲ್ಲಿ ಸಹಕಾರಿ ತರಕಾರಿ ಬೇಸಾಯವನ್ನೂ ಶುರು ಮಾಡಿದರು. 1965ರಲ್ಲಿ ಬಾಸ್ಟನ್ ಮತ್ತು ಮೌಂಡ್ ಬಯೂಗಳ ಯೋಜನೆಯಿಂದ ಹುಟ್ಟಿದ ಈ ಮಾದರಿಯ ಕೇಂದ್ರಗಳಿಗೆ ಈಗ ವರ್ಷಕ್ಕೆ 3 ಕೋಟಿಗೂ ಹೆಚ್ಚು ಜನ ಹೋಗುತ್ತಾರೆ.

ಕನ್ನಡಿಗರು ಅಮೆರಿಕಕ್ಕೆ ಹೋಗಲು ದಾರಿಯಾದದ್ದು 1965ರ ಕಾಯ್ದೆಯಿಂದಲೇ?
— ಗೃಹಿಣಿ, ಬೆಂಗಳೂರು

ಬಹುಮಟ್ಟಿಗೆ ಹೌದು. 1946ರ ಕಾನೂನಿನಂತೆ ಭಾರತಕ್ಕೆ ವರ್ಷಕ್ಕೆ ಸಿಗುತ್ತಿದ್ದದ್ದು 100 ವಲಸೆ ವೀಸಾ. 1965ರ ಅಕ್ಟೋಬರ್ 3ರಂದು ಸ್ವಾತಂತ್ರ್ಯ ಪ್ರತಿಮೆಯ ಬುಡದಲ್ಲಿ ಜಾನ್ಸನ್ ಸಹಿ ಹಾಕಿದ ಕಾಯ್ದೆ ದೇಶವಾರು ಹಳೆಯ ಕೋಟಾ ತೆಗೆದು, ಪೂರ್ವ ಗೋಳಾರ್ಧದ ಯಾವುದೇ ದೇಶಕ್ಕೆ ವರ್ಷಕ್ಕೆ 20,000ದವರೆಗೆ ಅವಕಾಶ ಕೊಟ್ಟಿತು. 1960ರಲ್ಲಿ ಸುಮಾರು 12,000 ಇದ್ದ ಭಾರತ ಸಂಜಾತರ ಸಂಖ್ಯೆ 1980ರಲ್ಲಿ 2,06,000 ಆಯಿತು. ಕುಟುಂಬದವರಿಗೆ ಆದ್ಯತೆ ಕೊಟ್ಟರೆ ಯುರೋಪಿನವರೇ ಹೆಚ್ಚು ಬರುತ್ತಾರೆ ಎಂದು ಕೆಲವು ಸಂಸದರು ಎಣಿಸಿದ್ದರು. ಜಾನ್ಸನ್ ಸ್ವತಃ ಇದು ಕ್ರಾಂತಿಕಾರಿ ಮಸೂದೆಯಲ್ಲ ಎಂದಿದ್ದರು. ಆದದ್ದು ಬೇರೆ: ಏಷ್ಯಾದ ವೈದ್ಯರು, ಎಂಜಿನಿಯರುಗಳು ವೃತ್ತಿಯ ಆದ್ಯತೆಯಲ್ಲಿ ಬಂದರು, ಬಳಿಕ ತಮ್ಮ ಅಣ್ಣತಮ್ಮಂದಿರನ್ನೂ ಅಕ್ಕತಂಗಿಯರನ್ನೂ ಕರೆಸಿಕೊಂಡರು.

ಇಂದು ಸಾಫ್ಟ್‌ವೇರ್ ಎಂಜಿನಿಯರುಗಳು ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾಯುವುದರ ಬೇರೂ ಇಲ್ಲೇ ಇದೆ. ದೊಡ್ಡ ದೇಶ, ಚಿಕ್ಕ ದೇಶ ಎನ್ನದೆ ಎಲ್ಲಕ್ಕೂ ಒಂದೇ ಮಿತಿ ಎಂಬ 1965ರ ತತ್ವ 1990ರ ಕಾಯ್ದೆಯಲ್ಲಿ ಶೇ 7ರ ಮಿತಿಯಾಗಿ ಮುಂದುವರಿಯಿತು. ಉದ್ಯೋಗದ ಆಧಾರದ ಸುಮಾರು 1,40,000 ಕಾರ್ಡುಗಳಲ್ಲಿ ಒಂದು ದೇಶಕ್ಕೆ ಸಾಮಾನ್ಯವಾಗಿ ಹತ್ತು ಸಾವಿರದ ಒಳಗೆ ಮಾತ್ರ.

ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕದಲ್ಲಿ ರೆಸಿಡೆನ್ಸಿಗೆ (ಆಸ್ಪತ್ರೆಯಲ್ಲಿ ಕೊಡುವ ಸ್ನಾತಕೋತ್ತರ ವೈದ್ಯ ತರಬೇತಿಗೆ) ಪ್ರಯತ್ನಿಸುತ್ತಿದ್ದೇನೆ. ಅಲ್ಲಿ ಸೀಟುಗಳ ಸಂಖ್ಯೆ ಮೆಡಿಕೇರ್ ಮೇಲೆ ನಿಂತಿದೆ ಎನ್ನುತ್ತಾರೆ, ಯಾಕೆ?
— ಕಲಬುರಗಿ

1965ರಲ್ಲಿ ಕಾನೂನು ಮಾಡುವಾಗಲೇ ವೈದ್ಯ ತರಬೇತಿಯ ವೆಚ್ಚದಲ್ಲಿ ಒಂದು ಪಾಲನ್ನು ಮೆಡಿಕೇರ್ ಹೊರಲಿ, ಬೇರೆ ವ್ಯವಸ್ಥೆ ಆಗುವವರೆಗೆ ಎಂದು ಒಪ್ಪಿಕೊಂಡಿದ್ದರು. ಆ ಬೇರೆ ವ್ಯವಸ್ಥೆ ಬರಲೇ ಇಲ್ಲ. ಇಂದಿಗೂ ಬೋಧನಾ ಆಸ್ಪತ್ರೆಗಳಿಗೆ ರೆಸಿಡೆಂಟ್ ವೈದ್ಯರ ಸಂಬಳ, ತರಬೇತಿಗೆಂದು ಅತಿ ಹೆಚ್ಚು ಸರ್ಕಾರಿ ಹಣ ಕೊಡುವುದು ಮೆಡಿಕೇರ್. 1997ರಲ್ಲಿ ಖರ್ಚು ತಗ್ಗಿಸಲು ಪ್ರತಿ ಆಸ್ಪತ್ರೆಗೂ 1996ರಲ್ಲಿದ್ದ ರೆಸಿಡೆಂಟರ ಸಂಖ್ಯೆಯನ್ನೇ ಮಿತಿಯಾಗಿ ನಿಗದಿ ಮಾಡಿದರು. ಅದರ ಮೇಲೆ ಸೀಟು ಸೇರಿಸಬೇಕಾದರೆ ಆಸ್ಪತ್ರೆ ತನ್ನ ಹಣ ಅಥವಾ ರಾಜ್ಯದ ಹಣ ಹಾಕಬೇಕು. 2020ರ ಕೊನೆಗೆ ಪಾಸಾದ ಕಾನೂನು 1,000 ಹೊಸ ಸೀಟು ಕೊಟ್ಟಿತು, ವರ್ಷಕ್ಕೆ 200ಕ್ಕಿಂತ ಹೆಚ್ಚಿಲ್ಲದಂತೆ. ಗ್ರಾಮೀಣ ಭಾಗ ಮತ್ತು ವೈದ್ಯರ ಕೊರತೆ ಇರುವ ಪ್ರದೇಶಗಳ ಆಸ್ಪತ್ರೆಗಳಿಗೆ ಅದರಲ್ಲಿ ಪಾಲು ಮೀಸಲಿದೆ. ಹಿಂದೆಂದೂ ರೆಸಿಡೆನ್ಸಿ ನಡೆಸದ ಆಸ್ಪತ್ರೆ ಹೊಸದಾಗಿ ಶುರು ಮಾಡಿದರೆ ಮೊದಲ ಐದು ವರ್ಷ ಅದರ ಮಿತಿ ನಿಗದಿಯಾಗುವುದಿಲ್ಲ, ಆ ಅವಧಿಯಲ್ಲಿ ಸೀಟು ಬೆಳೆಸಿಕೊಳ್ಳಬಹುದು. ಅರ್ಜಿ ಹಾಕುವ ಪಟ್ಟಿ ಮಾಡುವಾಗ ದೊಡ್ಡ ನಗರಗಳ ಹೆಸರಾಂತ ಆಸ್ಪತ್ರೆಗಳ ಜತೆಗೆ ಇಂಥ ಹೊಸ ಕಾರ್ಯಕ್ರಮಗಳನ್ನೂ ಸೇರಿಸಿಕೊಳ್ಳಿ. ನಿಮಗೆ ಬೇಕಾದ ವೀಸಾಕ್ಕೆ ಅವು ಬೆಂಬಲ ಕೊಡುತ್ತವೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಖಚಿತಪಡಿಸಿಕೊಳ್ಳಿ.